ಚೆಂಡು ಹಾರುವ ಅಂಗಳದಲ್ಲಿ ಹೋಮ್ ರನ್‌ಗಳ ಬರ

ಪ್ರಶ್ನೆ: ಮಾನ್ಯರೇ, ನನ್ನ ಮಗ ಅಮೆರಿಕದ ಡೆನ್ವರ್ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ದೆಸೆಯಿಂದ ನನಗೂ ಬೇಸ್‌ಬಾಲ್ ನೋಡುವ ಅಭ್ಯಾಸವಾಗಿದೆ. ಅಲ್ಲಿನ ಕೊಲರಾಡೊ ರಾಕೀಸ್ ತಂಡದ ತವರು ಅಂಗಳವಾದ ಕೂರ್ಸ್ ಫೀಲ್ಡ್ ಬ್ಯಾಟರ್‌ಗಳ ಸ್ವರ್ಗವೆಂದು ವೀಕ್ಷಕ ವಿವರಣೆಗಾರರು ಪದೇ ಪದೇ ಹೇಳುತ್ತಾರೆ. ಆದರೆ ಈ ತಂಡದವರು ಹೋಮ್ ರನ್, ಅಂದರೆ ಚೆಂಡನ್ನು ಗೋಡೆಯಾಚೆ ದಾಟಿಸುವ ಹೊಡೆತ, ಹೊಡೆಯುವುದೇ ಅಪರೂಪ; ಹೊರಗಿನಿಂದ ಬಂದವರು ಸಲೀಸಾಗಿ ಹೊಡೆದು ಹೋಗುತ್ತಾರೆ. ಇಷ್ಟು ಅನುಕೂಲದ ಅಂಗಳವಿದ್ದೂ ಹೀಗೇಕೆ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಅಪರೂಪ ಎಂಬ ಮಾತು ತುಸು ಹೆಚ್ಚಾಯಿತು. 2025ರಲ್ಲಿ ಆ ತಂಡದ ಕ್ಯಾಚರ್ ಹಂಟರ್ ಗುಡ್‌ಮನ್ ಒಬ್ಬರೇ 31 ಹೋಮ್ ರನ್ ಹೊಡೆದಿದ್ದಾರೆ. ಆದರೂ ನಿಮ್ಮ ಒಟ್ಟು ಗ್ರಹಿಕೆ ಸರಿಯಾಗಿಯೇ ಇದೆ. ಆ ವರ್ಷ ರಾಕೀಸ್ 162 ಪಂದ್ಯಗಳಲ್ಲಿ 119ನ್ನು ಸೋತಿತು. ಗಳಿಸಿದ ರನ್ 597, ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು 1,021. ತವರಿನಲ್ಲಿ ಅಂಥ ಅಂಗಳವನ್ನಿಟ್ಟುಕೊಂಡ ತಂಡವೊಂದು ಆರುನೂರು ರನ್ನನ್ನೂ ಮುಟ್ಟಲಿಲ್ಲವೆಂದರೆ, ಕೊರತೆಯಿರುವುದು ಅಂಗಳದಲ್ಲಲ್ಲ, ಬ್ಯಾಟ್ ಹಿಡಿದವರಲ್ಲಿ.

ಒಂದು ಅಂಗಳ ಬ್ಯಾಟರ್‌ಗಳಿಗೆ ಎಷ್ಟು ಅನುಕೂಲಕರ ಎಂಬುದನ್ನು ಅಳೆಯಲು ಅಮೆರಿಕದವರು ಪಾರ್ಕ್ ಫ್ಯಾಕ್ಟರ್ ಎಂಬ ಲೆಕ್ಕವನ್ನು ಬಳಸುತ್ತಾರೆ. ತಂಡದ ತವರು ಪಂದ್ಯಗಳಲ್ಲಿ ಎರಡೂ ಕಡೆಯವರು ಸೇರಿ ಗಳಿಸಿದ ರನ್ನನ್ನು, ಅದೇ ತಂಡದ ಹೊರಗಿನ ಪಂದ್ಯಗಳಲ್ಲಿ ಎರಡೂ ಕಡೆಯವರು ಗಳಿಸಿದ ರನ್ನಿನೊಂದಿಗೆ ಹೋಲಿಸುವುದು ಇದರ ತಿರುಳು. ‘ಎರಡೂ ಕಡೆಯವರು’ ಎಂಬುದನ್ನು ವೀಕ್ಷಕ ವಿವರಣೆಗಾರರು ಮರೆಸಿಬಿಡುತ್ತಾರೆ. ಮಳೆ ಅಕ್ಕಪಕ್ಕದ ಎರಡು ಹೊಲಗಳಿಗೂ ಒಂದೇ ಸಮನೆ ಬೀಳುತ್ತದೆ. ಅಂಗಳದ ಅನುಕೂಲವೂ ಅಷ್ಟೇ, ಆತಿಥೇಯರೆಂಬ ಕಾರಣಕ್ಕೆ ಅದು ಯಾರಿಗೂ ಹೆಚ್ಚಿಗೆ ಸಿಗುವುದಿಲ್ಲ. ನಮ್ಮವರಿಗೆ ಇದು ಗೊತ್ತಿಲ್ಲದ ಸಂಗತಿಯೂ ಅಲ್ಲ. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದಾಗ ಬ್ರೆಂಡನ್ ಮೆಕಲಮ್ 13 ಸಿಕ್ಸರ್‌ಗಳೊಡನೆ ಅಜೇಯ 158 ಬಾರಿಸಿ ಕೋಲ್ಕತ್ತವನ್ನು 222ಕ್ಕೆ ಮುಟ್ಟಿಸಿದರು. ಅದೇ ರಾತ್ರಿ, ಅದೇ ಪಿಚ್‌ನಲ್ಲಿ, ಅದೇ ಗಿಡ್ಡ ಬೌಂಡರಿಗಳೆದುರು ಆತಿಥೇಯ ಬೆಂಗಳೂರು 82ಕ್ಕೆ ಆಲೌಟಾಯಿತು. ಬೆಂಗಳೂರು ಕೊನೆಗೂ ಪ್ರಶಸ್ತಿ ಗೆದ್ದ 2025ರಲ್ಲಿ ಕೂಡ ತವರಿನ ಮೊದಲ ಮೂರು ಪಂದ್ಯಗಳನ್ನು ಸೋತು, ಹೊರಗಿನ ಲೀಗ್ ಪಂದ್ಯಗಳನ್ನೆಲ್ಲ ಗೆದ್ದಿತೆಂಬುದು ನಿಮಗೆ ನೆನಪಿರಬಹುದು.

ಇನ್ನು ಕೂರ್ಸ್ ಫೀಲ್ಡ್ ನಿಜಕ್ಕೂ ಏನನ್ನು ಕೊಡುತ್ತದೆ ಎಂಬುದನ್ನು ನೋಡೋಣ. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಂದರೆ ನಮ್ಮ ದಾವಣಗೆರೆಗಿಂತ ಸಾವಿರ ಮೀಟರಿನಷ್ಟು ಮೇಲೆ, ಕೆಮ್ಮಣ್ಣುಗುಂಡಿಗಿಂತಲೂ ಎತ್ತರದಲ್ಲಿ. ಕ್ರೀಡಾಂಗಣದ ಮೇಲಂತಸ್ತಿನಲ್ಲಿ ಒಂದು ಸಾಲಿನ ಕುರ್ಚಿಗಳಿಗೆ ಮಾತ್ರ ನೇರಳೆ ಬಣ್ಣವಿದ್ದು, ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ, ಅಂದರೆ 5,280 ಅಡಿ, ಎತ್ತರವನ್ನು ಅದು ಸೂಚಿಸುತ್ತದೆ. ಮಗನ ಬಳಿಗೆ ಹೋದಾಗ ತಪ್ಪದೆ ನೋಡಿ. ಅಷ್ಟು ಎತ್ತರದಲ್ಲಿ ಗಾಳಿ ಸಮುದ್ರತೀರಕ್ಕಿಂತ ಸುಮಾರು ಐದನೇ ಒಂದು ಭಾಗದಷ್ಟು ತೆಳುವಾಗಿರುವುದರಿಂದ ಚೆಂಡಿಗೆ ಎದುರಾಗುವ ತಡೆ ಕಡಿಮೆಯಾಗುತ್ತದೆ, ತಿರುಗುವ ಚೆಂಡು ಬಾಗುವುದೂ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ 400 ಅಡಿ ಹೋಗುವ ಹೊಡೆತ ಅಲ್ಲಿ ಶೇಕಡ 5ರಷ್ಟು, ಅಂದರೆ 20 ಅಡಿಯಷ್ಟು ಹೆಚ್ಚು ದೂರ ಹೋಗುತ್ತದೆಂದು ಭೌತವಿಜ್ಞಾನಿಗಳ ಲೆಕ್ಕ. ಬ್ಯಾಟಿನಿಂದ ಚಿಮ್ಮುವ ಚೆಂಡಿನ ವೇಗ ಗಂಟೆಗೆ ಒಂದು ಮೈಲಿ ಹೆಚ್ಚಿದರೆ ಹೊಡೆತ ಸುಮಾರು ಐದು ಅಡಿ ಉದ್ದವಾಗುತ್ತದೆ. ಈ ಅಳತೆಯಲ್ಲಿ ಡೆನ್ವರ್‌ನ ಗಾಳಿ ಬ್ಯಾಟರ್‌ಗೆ ಕೊಡುವ ಉಡುಗೊರೆ ಗಂಟೆಗೆ ನಾಲ್ಕು ಮೈಲಿ ವೇಗಕ್ಕೆ ಸಮ. ಸಣ್ಣ ಉಡುಗೊರೆಯೇನಲ್ಲ, ಆದರೆ ತೋಳಿನಲ್ಲಿ ಕಸುವಿಲ್ಲದವನನ್ನು ಹೋಮ್ ರನ್ ವೀರನನ್ನಾಗಿಸುವಷ್ಟು ದೊಡ್ಡದೂ ಅಲ್ಲ.

ಮೇಲಾಗಿ ಆ 20 ಅಡಿಯನ್ನು ಕಟ್ಟಿದವರೇ ಬಹುಪಾಲು ಹಿಂದಕ್ಕೆ ಕಿತ್ತುಕೊಂಡಿದ್ದಾರೆ. ತೆಳುಗಾಳಿಯ ಸಂಗತಿ ಮೊದಲೇ ತಿಳಿದಿದ್ದರಿಂದ, 1995ರಲ್ಲಿ ತೆರೆದ ಈ ಅಂಗಳದ ಗೋಡೆಗಳನ್ನು ದೂರದಲ್ಲೇ ನಿಲ್ಲಿಸಲಾಯಿತು. ಎಡ ಅಂಚಿನಲ್ಲಿ 347 ಅಡಿ, ನಡುವೆ 415, ಬಲ ಅಂಚಿನಲ್ಲಿ 350. ಬ್ಯಾಟರ್‌ಗಳ ನೆಚ್ಚಿನ ಇನ್ನೊಂದು ಅಂಗಳವಾದ ಸಿನ್ಸಿನಾಟಿಯ ಗ್ರೇಟ್ ಅಮೆರಿಕನ್ ಬಾಲ್ ಪಾರ್ಕ್‌ನಲ್ಲಿ ಇವು ಕ್ರಮವಾಗಿ 328, 404, 325. ಹೀಗಾಗಿ ಡೆನ್ವರ್‌ನಲ್ಲಿ ರನ್ ಹೊಳೆಯಾಗಿ ಹರಿಯುವುದಕ್ಕೆ ಹೋಮ್ ರನ್ ಒಂದೇ ಕಾರಣವಲ್ಲ. ಹೊರ ಮೈದಾನ ವಿಶಾಲವಾಗಿರುವುದರಿಂದ ಮೂವರು ಫೀಲ್ಡರ್‌ಗಳ ನಡುವೆ ಬೇಕಾದಷ್ಟು ಜಾಗ ಉಳಿಯುತ್ತದೆ, ಸಾಧಾರಣ ಹೊಡೆತವೂ ನೆಲಕ್ಕೆ ಬಿದ್ದು ಸಿಂಗಲ್ಲೋ ಡಬಲ್ಲೋ ಆಗುತ್ತದೆ. ನೀವು ನೋಡುತ್ತಿರುವ ತಂಡ ತವರಿನಲ್ಲಿ ಬದುಕಿಕೊಂಡಿರುವುದು ಹೆಚ್ಚಾಗಿ ಇಂಥ ಹೊಡೆತಗಳಿಂದ.

ಕಸುವುಳ್ಳವರು ಇದ್ದಾಗ ಅದೇ ಅಂಗಳ ಹೇಗಿತ್ತು ಎಂಬುದಕ್ಕೂ ದಾಖಲೆಯಿದೆ. ಅಂಗಳ ತೆರೆದ ಮೊದಲ ವರ್ಷದಲ್ಲೇ, ಆಟಗಾರರ ಮುಷ್ಕರದಿಂದಾಗಿ 144 ಪಂದ್ಯಗಳಿಗೆ ಮೊಟಕಾದ ಋತುವಿನಲ್ಲಿ, ಡಾಂಟೆ ಬಿಷೆಟ್ 40, ಲ್ಯಾರಿ ವಾಕರ್ 36, ವಿನ್ನಿ ಕ್ಯಾಸ್ಟಿಯಾ 32, ಆಂಡ್ರೆಸ್ ಗಲರಾಗ 31 ಹೋಮ್ ರನ್ ಹೊಡೆದಿದ್ದರು. ಮೂವತ್ತು ದಾಟಿದವರು ಆಗ ನಾಲ್ವರು. ಇದೆಲ್ಲ ತೆಳುಗಾಳಿಯ ಕೃಪೆ ಎಂದು ಮೂಗು ಮುರಿಯುವವರಿಗೆ ವಾಕರ್ ಅವರ 1997ರ ಲೆಕ್ಕವೇ ಸಾಕು: ಆ ವರ್ಷದ 49 ಹೋಮ್ ರನ್‌ಗಳಲ್ಲಿ 29 ಬಂದದ್ದು ಹೊರಗಿನ ಅಂಗಳಗಳಲ್ಲಿ.

ಈಗಿನ ತಂಡದ ತೊಂದರೆ ಬೇರೆ. ತಂಡದ ಪ್ರಮುಖ ಬ್ಯಾಟರ್ ನೊಲನ್ ಅರೆನಾಡೊ ಅವರನ್ನು 2021ರ ಆರಂಭದಲ್ಲಿ ಸೇಂಟ್ ಲೂಯಿಸ್‌ಗೆ ಬಿಟ್ಟುಕೊಟ್ಟರು, ಅದೇ ವರ್ಷದ ಋತು ಮುಗಿದ ಮೇಲೆ ಟ್ರೆವರ್ ಸ್ಟೋರಿ ತಂಡ ತೊರೆದರು, ಇವರ ಜಾಗ ತುಂಬಲೆಂದು 2022ರಲ್ಲಿ ಏಳು ವರ್ಷಕ್ಕೆ 18.2 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ತಂದ ಕ್ರಿಸ್ ಬ್ರಯಂಟ್ ಗಾಯಗಳಿಂದಾಗಿ ಅಂಗಳಕ್ಕಿಳಿದದ್ದೇ ಕಡಿಮೆ. ಉಳಿದವರಲ್ಲಿ ಸ್ಟ್ರೈಕ್ ಔಟ್, ಅಂದರೆ ಮೂರು ಸ್ಟ್ರೈಕ್‌ಗಳಿಗೆ ಔಟ್, ಆಗುವವರು ವಿಪರೀತ. ಬ್ಯಾಟಿಗೆ ತಾಗದ ಚೆಂಡನ್ನೂ, ನೆಲಕ್ಕೆ ಉರುಳಿದ ಚೆಂಡನ್ನೂ ಎಷ್ಟೇ ತೆಳುವಾದ ಗಾಳಿಯೂ ಗೋಡೆ ದಾಟಿಸಲಾರದು. ಇದರ ಜೊತೆಗೆ, ತವರಿನಲ್ಲಿ ಕಡಿಮೆ ಬಾಗುವ ಚೆಂಡಿಗೆ ಕಣ್ಣು ಪಳಗಿಸಿಕೊಂಡವರು ಸಮುದ್ರತೀರದ ನಗರಕ್ಕೆ ಹೋದಕೂಡಲೇ ಚೆಂಡು ಚೆನ್ನಾಗಿ ಬಾಗತೊಡಗಿ ತಡವರಿಸುತ್ತಾರೆಂಬ ದೂರು ಹಳೆಯದು. ನನ್ನ ದೃಷ್ಟಿಯಲ್ಲಿ ದೊಡ್ಡ ಹಾನಿ ಇನ್ನೊಂದಿದೆ. ತವರಿನ ಸರಾಸರಿಗಳು ಉಬ್ಬಿ ಕಾಣುವುದರಿಂದ, ಸಾಧಾರಣ ಬ್ಯಾಟರ್ ಕೂಡ ಆಡಳಿತದವರ ಕಣ್ಣಿಗೆ ಚೆನ್ನಾಗಿಯೇ ಕಾಣಿಸುತ್ತಾನೆ. ಹೊರಗಿನ ಅಂಕಿಗಳನ್ನು ಬೇರೆಯಾಗಿ ತೆಗೆದು ನೋಡುವ ಶಿಸ್ತಿಲ್ಲದಿದ್ದರೆ ರೋಗ ಗೊತ್ತಾಗುವುದೇ ಇಲ್ಲ.

ಪ್ರಶ್ನೆ: ಗೋಡೆಯನ್ನು ಹತ್ತಿರಕ್ಕೆ ತಂದರೆ ಈ ಕೊರತೆ ನೀಗುವುದಿಲ್ಲವೇ?
– ಕಾಲೇಜು ವಿದ್ಯಾರ್ಥಿ, ನಿಟುವಳ್ಳಿ, ದಾವಣಗೆರೆ

ಉತ್ತರ: ಗೋಡೆ ಯಾರ ಹೊಡೆತವೆಂದು ಕೇಳಿ ದಾರಿ ಬಿಡುವುದಿಲ್ಲವಲ್ಲ. ವರ್ಷಕ್ಕೆ ಸಾವಿರ ರನ್ ಬಿಟ್ಟುಕೊಡುವ ತಂಡ ಗೋಡೆಯನ್ನು ಹತ್ತಿರಕ್ಕೆ ತಂದುಕೊಂಡರೆ ಲಾಭವಾಗುವುದು ಎದುರಾಳಿಗೇ. ಡೆನ್ವರ್‌ನವರು ಮಾಡಿದ್ದು ಇದಕ್ಕೆ ವಿರುದ್ಧ: 2016ರಲ್ಲಿ ಗೋಡೆಯ ಕೆಲವು ಭಾಗಗಳನ್ನು ಎತ್ತರಿಸಿದರು. ಅದಕ್ಕೂ ಮೊದಲು, 1999ರಲ್ಲಿ ಆ ಒಂದೇ ಅಂಗಳದಲ್ಲಿ ಎರಡೂ ಕಡೆಯವರಿಂದ 303 ಹೋಮ್ ರನ್ ಬಂದು ಚೆಂಡೆಸೆಯುವ ಪಿಚರ್‌ಗಳು ಕಂಗಾಲಾದ ಮೇಲೆ, 2002ರಿಂದ ಚೆಂಡುಗಳನ್ನು ತೇವಾಂಶ ಕಾಯ್ದುಕೊಳ್ಳುವ ಕೋಣೆಯಲ್ಲಿ ಇರಿಸತೊಡಗಿದರು. ಒಣಹವೆಯಲ್ಲಿ ಗಟ್ಟಿಯಾಗಿ ಪುಟಿಯುತ್ತಿದ್ದ ಚೆಂಡು ತೇವ ಹೀರಿ ತುಸು ಮೆತ್ತಗಾಗುತ್ತದೆ, ಬ್ಯಾಟಿನಿಂದ ಚಿಮ್ಮುವ ವೇಗ ಇಳಿಯುತ್ತದೆ. 2022ರಿಂದ ಅಲ್ಲಿನ ಅತ್ಯುನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಮೂವತ್ತೂ ಅಂಗಳಗಳಲ್ಲಿ ಈ ವ್ಯವಸ್ಥೆಯಿದೆ. ಗೋಡೆಯ ಜೊತೆ ಆಟವಾಡಿದ ತಂಡ ಬಾಲ್ಟಿಮೋರ್: ಎಡಗಡೆಯ ಗೋಡೆಯನ್ನು 2022ರಲ್ಲಿ ಹಿಂದಕ್ಕೆ ಒಯ್ದರು, 2025ಕ್ಕೆ ಮತ್ತೆ ಮುಂದಕ್ಕೆ ತಂದರು.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಮತ್ತು ಹುಡುಗರ ಬೇಸ್‌ಬಾಲ್ ತಂಡಗಳಿವೆ. ಮೈದಾನ ಚಿಕ್ಕದು, ಆದರೂ ದೂರಕ್ಕೆ ಹೊಡೆಯುವವರೇ ಇಲ್ಲ. ಭಾರವಾದ ಬ್ಯಾಟ್ ಕೊಡಿಸಿದರೆ ಪ್ರಯೋಜನವಾದೀತೇ?
– ದೈಹಿಕ ಶಿಕ್ಷಣ ಶಿಕ್ಷಕಿ, ಚಳ್ಳಕೆರೆ

ಉತ್ತರ: ಆಗಲಾರದು, ಮೇಡಂ. ಭಾರವಾದ ಬ್ಯಾಟನ್ನು ಮಕ್ಕಳು ನಿಧಾನವಾಗಿ ಬೀಸುತ್ತಾರೆ. ಚೆಂಡಿನ ವೇಗಕ್ಕೆ ಬ್ಯಾಟಿನ ತೂಕಕ್ಕಿಂತ ಬೀಸಿನ ವೇಗ ಹೆಚ್ಚು ಮುಖ್ಯ. ಮೊದಲು ಇನ್ನೊಂದು ವಿಷಯವನ್ನು ಗಮನಿಸಿ. ನಮ್ಮ ಮಕ್ಕಳೆಲ್ಲರೂ ಕ್ರಿಕೆಟ್ಟಿನಿಂದ ಬಂದವರು. ಚೆಂಡನ್ನು ನೆಲಕ್ಕೆ ಒತ್ತಿ ಆಡು, ಎತ್ತಿ ಹೊಡೆದರೆ ಕ್ಯಾಚ್ ಹೋಗುತ್ತದೆ ಎಂದು ಅವರಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿರುತ್ತೇವೆ. ಬೇಸ್‌ಬಾಲ್‌ನಲ್ಲಿ ಹಾಗೆ ಹೊಡೆದ ಚೆಂಡು ನೇರವಾಗಿ ಒಳ ಮೈದಾನದ ಫೀಲ್ಡರ್ ಕೈಗೆ ಹೋಗುತ್ತದೆ. ಬೇಸ್‌ಬಾಲ್ ಪಿಚರ್ ದಿಬ್ಬದ ಮೇಲಿಂದ ಎಸೆದ ಚೆಂಡು ಕೆಳಮುಖವಾಗಿ ಬರುವುದರಿಂದ, ಬ್ಯಾಟಿನ ಬೀಸು ತುಸು ಮೇಲ್ಮುಖವಾಗಿದ್ದರೆ ಮಾತ್ರ ಎರಡೂ ಒಂದೇ ಗೆರೆಯಲ್ಲಿ ಸಂಧಿಸುತ್ತವೆ. ಮೇಜರ್ ಲೀಗ್‌ನವರು ಅತ್ಯುತ್ತಮ ಹೊಡೆತವೆಂದು ಗುರುತಿಸುವುದು ಗಂಟೆಗೆ ಕನಿಷ್ಠ 98 ಮೈಲಿ ವೇಗದಲ್ಲಿ, 26ರಿಂದ 30 ಡಿಗ್ರಿ ಕೋನದಲ್ಲಿ ಮೇಲೇಳುವ ಚೆಂಡನ್ನು. ವೇಗ ನಿಮ್ಮ ಮಕ್ಕಳಿಗೆ ನಿಧಾನವಾಗಿ ಬರಲಿ, ಕೋನವನ್ನು ಈಗಲೇ ಕಲಿಸಬಹುದು. ಸೊಂಟದೆತ್ತರದ ರಬ್ಬರ್ ಕಂಬದ ಮೇಲೆ ಚೆಂಡಿಟ್ಟು ಬಲೆಗೆ ಹೊಡೆಸಿ. ಬಲೆಯಲ್ಲಿ ತಲೆಯ ಎತ್ತರಕ್ಕಿಂತ ಸ್ವಲ್ಪ ಮೇಲೆ ಒಂದು ಬಟ್ಟೆ ಕಟ್ಟಿ, ಅದಕ್ಕೆ ಗುರಿಯಿಡಲು ಹೇಳಿ. ಹಿಂಗಾಲಿನಿಂದ ನೆಲವನ್ನು ಒತ್ತಿ, ಮೊದಲು ಸೊಂಟ, ಆಮೇಲೆ ಭುಜ, ಕೊನೆಗೆ ಕೈ ತಿರುಗಬೇಕು. ಕ್ರಿಕೆಟ್ ಆಡಿದ ಮಗು ಕೈಯನ್ನು ಮೊದಲು ಮುಂದಕ್ಕೆ ತಂದುಬಿಡುತ್ತದೆ. ಕಸುವೆಲ್ಲ ಅಲ್ಲೇ ಸೋರಿಹೋಗುತ್ತದೆ. ಮೈದಾನ ಚಿಕ್ಕದಿದ್ದರೆ ಎತ್ತಿ ಹೊಡೆದ ಚೆಂಡುಗಳು ಹೊರಗೆ ಬೀಳುವುದನ್ನು ನೋಡಿ ಸಂತೋಷಪಡುವ ಬದಲು, ತಾಲ್ಲೂಕು ಕ್ರೀಡಾಕೂಟದ ದೊಡ್ಡ ಮೈದಾನದಲ್ಲಿ ಅವು ಎಲ್ಲಿ ಬೀಳುತ್ತಿದ್ದವೆಂದು ಹಗ್ಗ ಹಿಡಿದು ಅಳೆಯಿರಿ.

ಪ್ರಶ್ನೆ: ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವಷ್ಟು ಗಾಳಿ ಬೀಸುತ್ತದೆ. ಅಂಥ ಕಡೆ ಬೇಸ್‌ಬಾಲ್ ಆಡಿದರೆ ಹೋಮ್ ರನ್ ಹೆಚ್ಚಾದೀತೇ?
– ಕೃಷಿಕ, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಉತ್ತರ: ಬ್ಯಾಟರ್ ಬೆನ್ನ ಹಿಂದಿನಿಂದ ಬೀಸಿದರೆ ಹೆಚ್ಚಾಗುತ್ತದೆ, ಎದುರಿನಿಂದ ಬೀಸಿದರೆ ಗೋಡೆ ದಾಟಬೇಕಾದ ಚೆಂಡೂ ಫೀಲ್ಡರ್ ಕೈಗೆ ಬೀಳುತ್ತದೆ. ಮಿಷಿಗನ್ ಸರೋವರದ ಬಳಿಯಿರುವ ಶಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ ದಿನದ ಗಾಳಿ ನೋಡಿಯೇ ಎಷ್ಟು ರನ್ ಬಂದೀತೆಂದು ಊಹಿಸುತ್ತಾರೆ. ಅಲ್ಲಿ 1979ರ ಮೇ 17ರಂದು ಗಾಳಿ ಹೊರಮುಖವಾಗಿ ಬೀಸುತ್ತಿದ್ದಾಗ ಆತಿಥೇಯ ಕಬ್ಸ್ ತಂಡ ಆರು ಹೋಮ್ ರನ್ ಹೊಡೆಯಿತು, ಅತಿಥಿ ಫಿಲಡೆಲ್ಫಿಯಾ ಐದು. ಹತ್ತನೆಯ ಇನಿಂಗ್ಸ್‌ನವರೆಗೆ ಬೆಳೆದ ಆ ಪಂದ್ಯವನ್ನು 23–22ರಿಂದ ಗೆದ್ದದ್ದು ಫಿಲಡೆಲ್ಫಿಯಾ.