ಟಾಮ್‌ಕ್ಯಾಟ್‌ನಂಥ ಪ್ರತ್ಯೇಕ ವೆಬ್ ಸರ್ವರ್ ಇಲ್ಲದೆ ಜಾವಾದಲ್ಲಿ ಸಣ್ಣ ವೆಬ್ ಸರ್ವಿಸ್ ಬರೆಯಬಹುದೇ?

ಖಂಡಿತ ಬರೆಯಬಹುದು. ಜಾವಾ 6ರಿಂದಲೇ ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯಲು ಬೇಕಾದ ಕಿಟ್) ಒಳಗೆ ಎಚ್‌ಟಿಟಿಪಿಸರ್ವರ್ ಎಂಬ ಕ್ಲಾಸ್ ಇದೆ. ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದರ ಕ್ರಿಯೇಟ್ ಮೆಥಡ್‌ಗೆ 8080 ಪೋರ್ಟ್ ಕೊಡಿ. ಕ್ರಿಯೇಟ್‌ಕಾಂಟೆಕ್ಸ್ಟ್‌ನಲ್ಲಿ ಒಂದು ಪಾತ್, ಅದಕ್ಕೆ ಉತ್ತರಿಸುವ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಬರೆಯಿರಿ. ಆಮೇಲೆ ಸ್ಟಾರ್ಟ್, ಅಷ್ಟೇ. ಜಾವಾ 11 ಅಥವಾ ನಂತರದ್ದಾದರೆ ಸುಮ್ನೆ ಜಾವಾ ಕಮಾಂಡ್‌ಗೆ ಸೋರ್ಸ್ ಫೈಲ್ ಹೆಸರು ಕೊಟ್ಟರೂ ಓಡುತ್ತದೆ.

ಹೊಸಬರು ಜಾಸ್ತಿ ಎಡವುವುದು ಒಂದೇ ಕಡೆ. ಉತ್ತರಕ್ಕೂ ಮುಂಚೆ ಹೋಗುವ ಹೆಡರ್ ಕಳಿಸುವಾಗ ಉತ್ತರದ ಉದ್ದ ಹೇಳಬೇಕು ಅಲ್ವಾ? ಅದು ಅಕ್ಷರಗಳ ಲೆಕ್ಕವಲ್ಲ, ಬೈಟ್‌ಗಳ ಲೆಕ್ಕ. ‘ನಮಸ್ಕಾರ’ ಎಂಬ ಸ್ಟ್ರಿಂಗ್‌ನ ಲೆಂತ್ 7 (ವಿರಾಮ, ಸ್ವರ ಚಿಹ್ನೆಗಳೂ ಲೆಕ್ಕಕ್ಕೆ ಬರುತ್ತವೆ). ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಅದೇ ಪದ 21 ಬೈಟ್. 7 ಎಂದು ಹೇಳಿ 21 ಬರೆಯಲು ಹೋದರೆ ಎಕ್ಸೆಪ್ಷನ್ (ಓಡುವಾಗಿನ ದೋಷ) ಬರುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಈ ತಪ್ಪು ಕಾಣುವುದೇ ಇಲ್ಲ, ಕನ್ನಡದಲ್ಲಿ ತಕ್ಷಣ ಕಾಣುತ್ತದೆ. ಮೊದಲು ಗೆಟ್‌ಬೈಟ್ಸ್ ಮೆಥಡ್‌ನಿಂದ ಸ್ಟ್ರಿಂಗನ್ನು ಯುಟಿಎಫ್-8 ಬೈಟ್‌ಗಳ ಅರೇ ಮಾಡಿಕೊಳ್ಳಿ, ಆ ಅರೇಯ ಉದ್ದವನ್ನೇ ಕೊಡಿ.