ಸುಕಿಯಾಕಿ: ಅಡುಗೆಯ ಹೆಸರು ಹೊತ್ತ ಹಾಡು

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳಿಗೆ ಜಪಾನಿ ಭಾಷೆಯ ತರಗತಿಯಲ್ಲಿ ‘ಉಎ ಒ ಮುಯಿತೆ ಅರುಕೋ’ ಎಂಬ ಹಾಡು ಹೇಳಿಕೊಟ್ಟಿದ್ದಾರೆ. ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಹಳೆಯ ರೆಕಾರ್ಡಿನ ಮೇಲೆ ಅದೇ ಹಾಡಿಗೆ ‘ಸುಕಿಯಾಕಿ’ ಎಂದು ಅಚ್ಚಾಗಿದೆ. ಸುಕಿಯಾಕಿ ಅಂದರೆ ಅಡುಗೆಯಂತೆ! ಯಾವುದು ಸರಿ? (ಜಯನಗರದ ಓದುಗರು)

ಉತ್ತರ: ತರಗತಿಯಲ್ಲಿ ಹೇಳಿಕೊಟ್ಟದ್ದೇ ಸರಿ. ‘ಮೇಲೆ ನೋಡುತ್ತ ನಡೆಯೋಣ’ ಎಂದು ಅದರ ಅರ್ಥ. ಮೇಲೆ ನೋಡುವುದು ಚಂದ್ರನ ಚೆಲುವಿಗಲ್ಲ, ತುಂಬಿದ ಕಣ್ಣೀರು ಕೆಳಗೆ ಉದುರದಿರಲಿ ಎಂದು. ಬರೆದವರು ಎಯ್ ರೊಕುಸುಕೆ, ರಾಗ ಹಾಕಿದವರು ಜಾಝ್ ಪಿಯಾನೋ ವಾದಕ ನಕಮುರಾ ಹಾಚಿದಾಯ್, ಹಾಡಿದವರು ಸಕಮೊತೊ ಕ್ಯೂ. ಜಪಾನಿಯಲ್ಲಿ ರೊಕು ಅಂದರೆ ಆರು, ಹಾಚಿ ಎಂಟು, ಕ್ಯೂ ಒಂಬತ್ತು. ಹಾಗಾಗಿ ಅಲ್ಲಿನ ಜನ ಈ ಮೂವರನ್ನು ‘6-8-9’ ಎಂದೇ ಕರೆಯುತ್ತಿದ್ದರು. ತೋಷಿಬಾ ಕಂಪನಿ ರೆಕಾರ್ಡ್ ಬಿಡುಗಡೆ ಮಾಡಿದ್ದು 1961ರ ಅಕ್ಟೋಬರಿನಲ್ಲಿ.

ಸುಕಿಯಾಕಿಯಾದರೋ ತೆಳ್ಳಗೆ ಸೀಳಿದ ದನದ ಮಾಂಸವನ್ನು ತೋಫು, ತರಕಾರಿಗಳ ಜತೆ ಸೋಯಾ ಸಾಸು, ಸಕ್ಕರೆ ಹಾಕಿ ಬೇಯಿಸುವ ಅಡುಗೆ. ಹಾಡಿನಲ್ಲಿ ಅದರ ಸುಳಿವೇ ಇಲ್ಲ. ಬ್ರಿಟನ್ನಿನ ಪೈ ರೆಕಾರ್ಡ್ಸ್‌ನ ಮುಖ್ಯಸ್ಥ ಲೂಯಿ ಬೆಂಜಮಿನ್ ಜಪಾನಿಗೆ ಹೋಗಿದ್ದಾಗ ಈ ಹಾಡು ಕೇಳಿ, ಊರಿಗೆ ಮರಳಿ ಕೆನ್ನಿ ಬಾಲ್ ತಂಡದಿಂದ ಬರೀ ವಾದ್ಯದಲ್ಲಿ ನುಡಿಸಿಸಿದರು. ಮೂಲದ ಉದ್ದ ಹೆಸರು ಇಂಗ್ಲಿಷರ ನಾಲಗೆಗೆ ಒಗ್ಗದೆಂದು, ಅವರಿಗೆ ಗೊತ್ತಿದ್ದ ಜಪಾನಿ ಪದವೊಂದನ್ನು ಅಂಟಿಸಿದರು. ನಮ್ಮ ಭಾವಗೀತೆಯೊಂದಕ್ಕೆ ಲಂಡನ್ನಿನಲ್ಲಿ ‘ಬಿಸಿಬೇಳೆಬಾತ್’ ಎಂದು ಹೆಸರಿಟ್ಟ ಹಾಗೆ. ಆ ವಾದ್ಯ ರೂಪ 1963ರ ಆರಂಭದಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 10ನೇ ಸ್ಥಾನಕ್ಕೆ ಬಂತು. ಅಮೆರಿಕದಲ್ಲಿ ಕ್ಯಾಪಿಟಲ್ ಕಂಪನಿ ಸಕಮೊತೊ ಅವರ ಮೂಲ ಧ್ವನಿಯನ್ನೇ ಹೊರತಂದಿತಾದರೂ ಹೆಸರು ಮಾತ್ರ ಬ್ರಿಟನ್ನಿನದೇ ಉಳಿಯಿತು. 1963ರ ಜೂನ್ 15ರಿಂದ ಮೂರು ವಾರ ಅದು ಅಲ್ಲಿನ ಅಂಥದೇ ಪಟ್ಟಿಯಾದ ಬಿಲ್‌ಬೋರ್ಡ್‌ನ ತುದಿಯಲ್ಲಿತ್ತು. ಒಂದಕ್ಷರ ಇಂಗ್ಲಿಷ್ ಇಲ್ಲದ ಹಾಡು!

ಪ್ರಶ್ನೆ: ಇಂಗ್ಲಿಷಿನಲ್ಲಿ ಕೇಳಿದ ‘ಸುಕಿಯಾಕಿ’ ಪ್ರೇಮಭಂಗದ ಹಾಡು. ಮೂಲದಲ್ಲೂ ಹಾಗೇ ಇದೆಯೇ? ಇಷ್ಟೊಂದು ಕವರ್‌ಗಳಲ್ಲಿ, ಅಂದರೆ ಬೇರೆಯವರು ಮತ್ತೆ ಹಾಡಿದ ರೂಪಗಳಲ್ಲಿ, ಯಾವುದು ಮೂಲಕ್ಕೆ ಹತ್ತಿರ? (ಮಲ್ಲೇಶ್ವರದ ಓದುಗರು)

ಉತ್ತರ: ಮೂಲದಲ್ಲಿ ನಲ್ಲ ನಲ್ಲೆ ಯಾರೂ ಇಲ್ಲ. 1960ರಲ್ಲಿ ಅಮೆರಿಕ ಜತೆಗಿನ ಭದ್ರತಾ ಒಪ್ಪಂದದ ವಿರುದ್ಧ ಜಪಾನಿನಲ್ಲಿ ದೊಡ್ಡ ಚಳವಳಿ ನಡೆದು ಸೋತಿತು. ಆ ಸೋಲಿನ ಬೇಸರವೇ ಎಯ್ ಅವರ ಕೈಯಲ್ಲಿ ಹಾಡಾಯಿತು. ಆದರೆ ಒಪ್ಪಂದ, ಮೆರವಣಿಗೆ ಯಾವುದನ್ನೂ ಹೆಸರಿಸದೆ, ಒಂಟಿ ರಾತ್ರಿ, ಮಸುಕಾಗಿ ಕಾಣುವ ನಕ್ಷತ್ರ ಇಷ್ಟನ್ನೇ ಇಟ್ಟರು. ಪದ್ಯಗಳಲ್ಲಿ ವಸಂತ, ಬೇಸಿಗೆ, ಶರತ್ಕಾಲಗಳ ನೆನಪು ಬರುತ್ತದೆ. ಚಳಿಗಾಲದ ಹೆಸರೇ ಇಲ್ಲ. ಯಾಕೆ ಅಳುತ್ತಿದ್ದಾನೆ ಎಂದು ಹೇಳದೆ ಬಿಟ್ಟದ್ದರಿಂದಲೇ ಯಾರು ಬೇಕಾದರೂ ತಮ್ಮ ದುಃಖವನ್ನು ಅದರಲ್ಲಿ ತುಂಬಿಕೊಳ್ಳಬಹುದು.

ನೀವು ಕೇಳಿದ್ದು ‘ಎ ಟೇಸ್ಟ್ ಆಫ್ ಹನಿ’ ಜೋಡಿಯ ಹಾಡಿರಬೇಕು. ಅದರ ಇಂಗ್ಲಿಷ್ ಸಾಹಿತ್ಯ ಬರೆದವರು ಅದೇ ಜೋಡಿಯ ಜಾನಿಸ್ ಮರಿ ಜಾನ್ಸನ್. ಅನುವಾದವಲ್ಲ, ಅದೇ ರಾಗಕ್ಕೆ ಹೊಸ ಮಾತು. ಜಾರ್ಜ್ ಡ್ಯೂಕ್ ನಿರ್ಮಾಣದಲ್ಲಿ ಕೊತೊ ಎಂಬ ಜಪಾನಿ ವಾದ್ಯದ ತಂತಿಗಳನ್ನು ಸೇರಿಸಿ, ನಡೆಯನ್ನು ನಿಧಾನ ಮಾಡಿ ತಂದ ಈ ರೂಪ 1981ರಲ್ಲಿ ಅಮೆರಿಕದಲ್ಲಿ 3ನೇ ಸ್ಥಾನಕ್ಕೆ ಏರಿತು.

ಮುಂದಿನ ಗೊಂದಲವೆಲ್ಲ ಇಲ್ಲಿಂದ ಶುರು. ಸೆಲೀನಾ ಹಾಡಿದ ಸ್ಪ್ಯಾನಿಷ್ ಹಾಡು ಜಪಾನಿಯಿಂದ ಬಂದದ್ದಲ್ಲ, ಜಾನ್ಸನ್ ಅವರ ಇಂಗ್ಲಿಷಿನಿಂದ. 4 ಪಿ.ಎಂ. ತಂಡ ವಾದ್ಯವಿಲ್ಲದೆ ಬರೀ ಗಂಟಲಲ್ಲಿ ಹಾಡಿ 1995ರಲ್ಲಿ 8ನೇ ಸ್ಥಾನಕ್ಕೆ ತಂದದ್ದೂ ಅದೇ ಸಾಹಿತ್ಯ. ರ‍್ಯಾಪ್‌ನಲ್ಲಿ ಸ್ಲಿಕ್ ರಿಕ್ 1985ರಲ್ಲಿ ಗುನುಗಿದ್ದೂ ಅದರ ಸಾಲುಗಳನ್ನೇ. ಇವೆಲ್ಲ ಕವರ್‌ನ ಕವರ್‌ಗಳು. ಹೋಲಿಸುವ ಮೊದಲು 1961ರ ಟೊಂಗೆಯೋ 1981ರ ಟೊಂಗೆಯೋ ಎಂದು ನೋಡಿಕೊಳ್ಳಿ. ಜಪಾನಿ ಸಾಹಿತ್ಯವನ್ನೇ ಇಟ್ಟುಕೊಂಡು ಬೇರೆ ಬಣ್ಣ ಕೊಟ್ಟದ್ದು ಬೇಕಿದ್ದರೆ ಆರ್‌ಸಿ ಸಕ್ಸೆಷನ್ ತಂಡದ ರಾಕ್ ರೂಪ ಕೇಳಿ. ಕಿರುಚಾಟದಂತಿದ್ದರೂ ನಮ್ಮ ಮಟ್ಟಿಗೆ ಎಯ್ ಅವರ ಬೇಸರಕ್ಕೆ ಅದೇ ಹತ್ತಿರ.

ನಮ್ಮಲ್ಲಿ ಜಗಳ ತಿರುವುಮುರುವು. ಇಲ್ಲಿ ಕವಿತೆ ಒಂದೇ, ಧಾಟಿ ಹಲವು. ಕುವೆಂಪು ಅವರ ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶವನ್ನೇ ಹೊರಡಿಸಬೇಕಾಯಿತು.

ಪ್ರಶ್ನೆ: ವಿಮಾನ ದುರಂತದಲ್ಲಿ ಸತ್ತವರ ನೆನಪಿಗೆ ಬರೆದ ಹಾಡು ಇದು ಎನ್ನುತ್ತಾರಲ್ಲ? (ವಿಜಯನಗರದ ಓದುಗರು)

ಉತ್ತರ: ಅಲ್ಲ. ಹಾಡು ಬಂದು 24 ವರ್ಷಗಳಾದ ಮೇಲೆ, 1985ರ ಆಗಸ್ಟ್ 12ರಂದು, ಜಪಾನ್ ಏರ್‌ಲೈನ್ಸ್‌ನ 123ನೇ ವಿಮಾನ ಬೆಟ್ಟಕ್ಕೆ ಬಡಿದು 520 ಮಂದಿ ಸತ್ತರು. ಅವರಲ್ಲಿ 43 ವರ್ಷದ ಸಕಮೊತೊ ಕೂಡ ಒಬ್ಬರು. ನಂಟು ಇಷ್ಟೇ.

ಪ್ರಶ್ನೆ: ಹಾರ್ಮೋನಿಯಂ ಹಿಡಿದು ಹಾಡಿದರೆ ಮೋಹನ ರಾಗದಂತೆ ಕೇಳಿಸುತ್ತದೆ, ಆದರೆ ನಡುವೆ ಎಲ್ಲೋ ತಪ್ಪಿಹೋಗುತ್ತದೆ. ಏನು ಕಾರಣ? (ಬಸವನಗುಡಿಯ ಓದುಗರು)

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. ಜಪಾನಿನಲ್ಲಿ ಸಪ್ತಕದ ನಾಲ್ಕನೆಯ, ಏಳನೆಯ ಸ್ವರಗಳನ್ನು ಬಿಟ್ಟ ಸ್ವರಶ್ರೇಣಿಗೆ ‘ಯೊನಾನುಕಿ’ ಎನ್ನುತ್ತಾರೆ. ಮ, ನಿ ಬಿಟ್ಟರೆ ಉಳಿಯುವುದು ಸ ರಿ ಗ ಪ ದ, ಅಂದರೆ ನಮ್ಮ ಮೋಹನ. ಹಾಡಿನ ಎತ್ತುಗಡೆ ‘ಸ ಸ ರಿ ಗ ಸ ದ ಪ’, ಕೊನೆಯ ದ, ಪ ಮಂದ್ರದವು. ತಪ್ಪುವುದು ‘ಷಿಯಾವಸೆ ವಾ’ ಎಂದು ಶುರುವಾಗುವ ನಡುವಿನ ಭಾಗದಲ್ಲಿ. ಅಲ್ಲಿ ಪಕ್ಕವಾದ್ಯ ಮಧ್ಯಮದ ಕಾರ್ಡಿಗೆ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲಿಗೆ) ಸರಿಯುತ್ತದೆ. ಅದೇ ಮಾತು ಎರಡನೆಯ ಸಲ ಬಂದಾಗ ಆ ಕಾರ್ಡು ಮೈನರ್ ಆಗಿ ಶುದ್ಧ ಧೈವತ ಒಳಗೆ ಬರುತ್ತದೆ. ಮೂಲದ ಶ್ರುತಿ ಐದು ಮನೆ, ಅಂದರೆ ಜಿ. ಆ ಲೆಕ್ಕದಲ್ಲಿ ಮೊದಲ ಸಲ ಸಿ ಮೇಜರ್, ಎರಡನೆಯ ಸಲ ಸಿ ಮೈನರ್. ಎಡಗೈಯಲ್ಲಿ ಮೋಹನದ ಸ್ವರಗಳನ್ನೇ ಒತ್ತಿ ಹಿಡಿದರೆ ಅಲ್ಲಿ ಕರ್ಕಶವಾಗುತ್ತದೆ.

ಇನ್ನೆರಡು ಮಾತು. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡಸರಿಗೆ ಮೊದಲ ಸಾಲಿನ ಮಂದ್ರ ಪಂಚಮದಲ್ಲಿ ದನಿ ಉಡುಗುತ್ತದೆ. ನಾಲ್ಕು ಅಥವಾ ಐದು ಮನೆಗೆ ಏರಿಸಿಕೊಳ್ಳಿ. ಗಾಂಧಾರಕ್ಕೆ ಅಭ್ಯಾಸಬಲದಿಂದ ಗಮಕ ಹಾಕಬೇಡಿ, ಸ್ವರ ನೆಟ್ಟಗೆ ನಿಲ್ಲಲಿ. ಸಕಮೊತೊ ಅವರ ದನಿಯಲ್ಲಿ ‘ಉಎಒ’ ಎಂಬುದು ‘ಉಹೆಹೊ’ ಎಂದು ಬಿಕ್ಕಿದಂತೆ ಕೇಳಿಸುತ್ತದೆ. ಅದು ರಾಕಬಿಲಿ ಎಂಬ ಅಮೆರಿಕದ ರಾಕ್ ಶೈಲಿಯಲ್ಲಿ ಹಾಡಿ ಬಂದ ಗಂಟಲಿನ ವರಸೆ. ಎಯ್ ಅವರಿಗೆ ಮೊದಲು ಅದು ಸ್ವಲ್ಪವೂ ಹಿಡಿಸಿರಲಿಲ್ಲವಂತೆ. ಅನುಕರಿಸಲು ಹೋದರೆ ಅಣಕದಂತಾಗುತ್ತದೆ.

ಉಚ್ಚಾರಣೆಯಲ್ಲಿ ಕನ್ನಡಿಗರಿಗೆ ಅನುಕೂಲವೇ ಹೆಚ್ಚು. ಒ, ಓ ಎರಡೂ ನಮ್ಮಲ್ಲಿವೆ, ‘ಹಿತೊರಿಬೊಚ್ಚಿ’ಯ ಒತ್ತಕ್ಷರವೂ ಕಷ್ಟವಲ್ಲ. ಇಂಗ್ಲಿಷ್ ಅಕ್ಷರದ ಕರೋಕೆ ನೋಡಿ ಕಲಿತರೆ ‘ಅರುಕೋ’ ಹೋಗಿ ‘ಅರುಕೊ’ ಆಗುತ್ತದೆ, ಕನ್ನಡದಲ್ಲೇ ಬರೆದುಕೊಳ್ಳಿ. ಎರಡನೆಯ ಸಾಲಿನ ಕೊನೆಯ ‘ಯೋ’ ಮತ್ತು ‘ನಿ’ ನಡುವೆ ಮಾತ್ರ ಚೂರು ಬಿಡುವಿರಲಿ. ಒಂದೇ ಪದವಾಗಿ ಹಾಡಿದರೆ ನಮ್ಮ ಸಭೆಯಲ್ಲಿ ನಗು ಏಳುತ್ತದೆ, ಕಾರಣ ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ಇದೇ ಧಾಟಿಗೆ ಕನ್ನಡ ಸಾಹಿತ್ಯ ಬರೆದು ಯೂಟ್ಯೂಬಿಗೆ ಹಾಕಬಹುದೇ? ಅರವತ್ತು ವರ್ಷ ದಾಟಿದ ಹಾಡಲ್ಲವೇ? (ರಾಜಾಜಿನಗರದ ಓದುಗರು)

ಉತ್ತರ: ಅನುಮತಿ ಇಲ್ಲದೆ ಬೇಡ. ಅರವತ್ತು ವರ್ಷ ಎಣಿಸುವುದು ಹಾಡು ಬಂದ ದಿನದಿಂದಲ್ಲ, ಕರ್ತೃ ತೀರಿಕೊಂಡ ಮರುವರ್ಷದ ಆರಂಭದಿಂದ. ನಕಮುರಾ ತೀರಿಕೊಂಡದ್ದು 1992ರಲ್ಲಿ, ಎಯ್ 2016ರಲ್ಲಿ. ಹಾಗಾಗಿ ಭಾರತದಲ್ಲಿ ರಾಗದ ಹಕ್ಕು 2052ರ ಕೊನೆಯವರೆಗೆ, ಸಾಹಿತ್ಯದ್ದು 2076ರ ಕೊನೆಯವರೆಗೆ ಇರುತ್ತದೆ. ಜಪಾನಿನಲ್ಲಿ ಅವಧಿ 70 ವರ್ಷ, ಇನ್ನೂ ಹತ್ತು ವರ್ಷ ಹೆಚ್ಚು.

ನಮ್ಮ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಮು ಕವರ್‌ಗೆ ದಾರಿ ಕೊಡುತ್ತದೆ ಎಂದು ಕೆಲವರು ಹೇಳುವುದುಂಟು. ಅದರ ಷರತ್ತು ಓದಿದರೆ ಉತ್ಸಾಹ ಇಳಿಯುತ್ತದೆ. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು (ಇದೊಂದೇ ನಿಮಗೆ ಸಲೀಸು), ಮುಂಚಿತವಾಗಿ ನೋಟಿಸು ಕೊಟ್ಟು ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕು, ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆ ಮಾಡಕೂಡದು. ಸಾಹಿತ್ಯವನ್ನೇ ಬದಲಿಸುವುದು ಇದರೊಳಗೆ ಬರುವುದಿಲ್ಲ.

ಕರೋಕೆ ಟ್ರ್ಯಾಕಿನ ಹಕ್ಕು ಮತ್ತೆ ಬೇರೆಯವರದು. ಅದನ್ನು ಬಳಸಿದರೆ ಯೂಟ್ಯೂಬ್ ಗುರುತಿಸಿ ಜಾಹೀರಾತಿನ ಹಣವನ್ನು ಅವರ ಕಡೆ ತಿರುಗಿಸಬಹುದು, ವಿಡಿಯೋವನ್ನೇ ತಡೆಯಲೂಬಹುದು. ಪಕ್ಕವಾದ್ಯ ನೀವೇ ನುಡಿಸಿಕೊಳ್ಳಿ. ಹಾಡಿನ ಪ್ರಕಾಶಕರಿಗೆ ಬರೆಯುವಾಗ ಕನ್ನಡ ಸಾಹಿತ್ಯ, ಅದರ ಇಂಗ್ಲಿಷ್ ಅರ್ಥ ಎರಡನ್ನೂ ಲಗತ್ತಿಸಿ. ನಿಮ್ಮದು ಮೂಲದ ಅನುವಾದವೋ ಹೊಸ ಸಾಹಿತ್ಯವೋ ಎಂದು ಮೊದಲ ಸಾಲಿನಲ್ಲೇ ಹೇಳಿ. 1981ರ ಇಂಗ್ಲಿಷ್ ಹಾಡಿನಿಂದ ಅನುವಾದಿಸಿದ್ದರೆ ಅದನ್ನೂ ಮುಚ್ಚಿಡಬೇಡಿ, ಆಗ ಕೇಳಬೇಕಾದ ಅನುಮತಿಯೇ ಬೇರೆ.