ಓದುಗರ ಪ್ರಶ್ನೆ: ಚರಂಡಿ ನೀರಿಗೆ ಯಾವ ಔಷಧಿ ಹಾಕುತ್ತಾರೆ?

ಪ್ರಶ್ನೆ: ನಮ್ಮೂರಿನ ಹೊರಗೆ ಪುರಸಭೆಯ ಎಸ್‌ಟಿಪಿ (ಚರಂಡಿ ನೀರು ಶುದ್ಧ ಮಾಡುವ ಘಟಕ) ಇದೆ. ಒಳಗೆ ಹೋಗುವುದು ಕಪ್ಪು ನೀರು, ಹೊರಗೆ ಬರುವುದು ತಿಳಿ ನೀರು. ಅದಕ್ಕೆ ಯಾವ ಕೆಮಿಕಲ್ ಹಾಕುತ್ತಾರೆ? ಪಕ್ಕದಲ್ಲೇ ನಮ್ಮ ಅರ್ಧ ಎಕರೆ ಇದೆ. ಆ ನೀರನ್ನು ಕೊತ್ತಂಬರಿಗೆ, ತೆಂಗಿಗೆ ಬಿಡಬಹುದಾ?

ಉತ್ತರ: ಒಂದು ಸಣ್ಣ ಊರಿನ ಎಸ್‌ಟಿಪಿಯಲ್ಲಿ ಹದಿನೆಂಟು ವರ್ಷ ಆಪರೇಟರ್ ಆಗಿದ್ದೆ. ನಮ್ಮ ನೆಂಟರೂ ಇದನ್ನೇ ಕೇಳುತ್ತಿದ್ದರು. ಅಲ್ಲಿ ಕೊಳೆ ತೆಗೆಯುವುದು ಔಷಧಿಯಲ್ಲ, ಹುಳ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ನಾವು ಸುಮ್ನೆ ಹುಳ ಅನ್ನುತ್ತಿದ್ದೆವು. ಅವನ್ನು ಸಾಕುವುದೇ ನಮ್ಮ ಕೆಲಸ.

ಯುಜಿಡಿ, ಅಂದರೆ ಒಳಚರಂಡಿಯ ನೀರು ಮೊದಲು ಸರಳಿನ ಜಾಲರಿಗೆ ಬರುತ್ತದೆ. ಅಲ್ಲಿ ಏನೇನು ಸಿಗುತ್ತದೆ ಅಂತ ಕೇಳಬೇಡಿ. ಶಾಂಪೂ ಸ್ಯಾಷೆ, ಹಾಲಿನ ಕವರ್, ಒಮ್ಮೆ ಇಡೀ ಒಂದು ಸೀರೆ. ಆಮೇಲೆ ಮರಳು ಕೂರುವ ತೊಟ್ಟಿ. ಇನ್ನು ಉಳಿದದ್ದು ನೀರಿನಲ್ಲಿ ಬೆರೆತ ಕೊಳೆ. ಅದೂ ಎಷ್ಟು? ಚರಂಡಿ ನೀರಿನಲ್ಲಿ ನೂರಕ್ಕೆ 99.9 ಪಾಲು ಬರೀ ನೀರೇ. ನಾರುವುದೆಲ್ಲ ಆ ಉಳಿದ ಚೂರು.

ಅದನ್ನು ಹುಳ ತಿನ್ನುವುದು ಮುಂದಿನ ದೊಡ್ಡ ತೊಟ್ಟಿಯಲ್ಲಿ. ಅವಕ್ಕೂ ಉಸಿರು ಬೇಕಲ್ವಾ? ಬ್ಲೋವರ್ ತಳದಿಂದ ಗಾಳಿ ಊದುತ್ತಲೇ ಇರುತ್ತದೆ. ನಮ್ಮಲ್ಲಿ ನೀರು ಹೆಚ್ಚುಕಡಿಮೆ ಒಂದು ದಿನ ಅಲ್ಲೇ ಕೊತಕೊತ ಅನ್ನುತ್ತಿತ್ತು. ಅದರ ಮುಂದಿನ ತೊಟ್ಟಿಯಲ್ಲಿ ಗಾಳಿ ಇಲ್ಲ. ಹೊಟ್ಟೆ ತುಂಬಿದ ಹುಳ ಮುದ್ದೆಮುದ್ದೆಯಾಗಿ ತಳ ಸೇರುತ್ತವೆ, ಮೇಲೆ ತಿಳಿ ನಿಲ್ಲುತ್ತದೆ. ತಳದ ಈ ರಾಡಿಗೆ ಸ್ಲಜ್ ಅನ್ನುತ್ತೇವೆ, ಅದನ್ನು ಚೆಲ್ಲುವ ಹಾಗಿಲ್ಲ. ಬಹುಪಾಲು ಮತ್ತೆ ಗಾಳಿ ತೊಟ್ಟಿಗೇ ಪಂಪ್ ಮಾಡಬೇಕು, ಹಾಲಿಗೆ ನಿನ್ನೆಯ ಮೊಸರಿನ ಹೆಪ್ಪು ಹಾಕಿದ ಹಾಗೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ತೋರಿಸಿಕೊಟ್ಟ ಉಪಾಯ ಇದು. ಜಾಸ್ತಿಯಾದದ್ದು ಮಾತ್ರ ಒಣಗಿಸುವ ಮಡಿಗೆ.

ದಿನಾ ಬೆಳಿಗ್ಗೆ ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರ್ ಜಾರಿಗೆ ತುಂಬಿ ಅರ್ಧ ಗಂಟೆ ಇಡುತ್ತಿದ್ದೆ. ನನ್ನ ಟೀ ಮುಗಿಯುವಷ್ಟರಲ್ಲಿ ಕಂದು ರಾಡಿ 300 ಎಂಎಲ್ ಗೆರೆಯ ಹತ್ತಿರ ಇಳಿದಿದ್ದರೆ ನೆಮ್ಮದಿ. ಮೂಗಿಗೆ ಒದ್ದೆ ಮಣ್ಣಿನ ವಾಸನೆ ಬರಬೇಕು. ಒಂದು ಮಳೆಗಾಲ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟ್ ಇಲ್ಲ, ಜನರೇಟರಿಗೆ ಡೀಸೆಲ್ಲೂ ಇಲ್ಲ. ಮೂರನೆಯ ದಿನ ಜಾರಿನಲ್ಲಿ ಕರಿ ನೀರು, ಕೊಳೆತ ಮೊಟ್ಟೆಯ ನಾತ. ಕೊನೆಗೆ ಪಕ್ಕದ ಊರಿನ ಪ್ಲಾಂಟಿನಿಂದ ಒಂದು ಟ್ಯಾಂಕರ್ ಸ್ಲಜ್ ತಂದು ಸುರಿದೆವು. ಪಕ್ಕದ ಮನೆಯಿಂದ ಹೆಪ್ಪು ಕಡ ತಂದಂತೆಯೇ.

ನೀವು ಕೇಳಿದ ಕೆಮಿಕಲ್ ಬರುವುದು ಕಟ್ಟಕಡೆಗೆ. ರೋಗಾಣು ಸಾಯಲಿ ಅಂತ ಒಂದಿಷ್ಟು ಕ್ಲೋರಿನ್. ಆದರೆ ಕ್ಲೋರಿನ್ ಖಾಲಿಯಾದ ದಿನವೂ ನೀರು ಅಷ್ಟೇ ತಿಳಿಯಾಗಿ ಕಾಣುತ್ತದೆ. ಅದಕ್ಕೇ ಹಸಿಯಾಗಿ ತಿನ್ನುವ ಕೊತ್ತಂಬರಿಗೆ, ಸೌತೆಗೆ ಬೇಡವೇ ಬೇಡ. ಬೆಂಗಳೂರಿನಲ್ಲಿ ಸಂಸ್ಕರಿಸಿದ ಇಂಥ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸುತ್ತಿರುವುದೂ ಅಂತರ್ಜಲ ಏರಲಿ ಅಂತ, ನೇರ ಸೊಪ್ಪಿನ ಮಡಿಗೆ ಬಿಡಲಿ ಅಂತ ಅಲ್ಲ. ಪುರಸಭೆ ಒಪ್ಪಿದರೆ ತೆಂಗಿನ ಬುಡಕ್ಕೆ ಬಿಡಿ. ಹಾಯಿಸಿ ಬಂದ ಮೇಲೆ ಸೋಪು ಹಾಕಿ ಕೈಕಾಲು ತೊಳೆಯಿರಿ.